ಆದರೆ

ಕೌಲ್ ಬಜಾರಿನ ಹಿಂದಿನ ಗಲ್ಲಿ, ತಗಡಿನ ಮೇಲ್ಮಹಡಿ.
ಕೆಳಗೆ ಹದಿನಾರು ಮಿಷನ್ನು ಒಂದೇ ಸಮ ಓಡುತ್ತಿವೆ,
ಮೇಲೆ ನಾನು, ಒಂದು ಲ್ಯಾಪ್‌ಟಾಪು,
ಸೋಪಿಗೂ ಹೋಗದ ಜೀನ್ಸಿನ ನೀಲಿ ಉಗುರುಗಳಲ್ಲಿ.
ಎರ್ರಿಸ್ವಾಮಣ್ಣ ವಗ್ಗಾಣಿ ಪೊಟ್ಟಣ ಬಿಚ್ಚುತ್ತ ಕೇಳಿದ:
"ಎರಡರಾಗ ಯಾವುದು ಸೋವಿ, ನಸೀಮಾ?
ಬರೋ ಸೋಮವಾರ ಹೇಳಿಬಿಡು. ಪುಕ್ಕಟೆ ದಿನ ಮುಗೀತಾವ."

ಮೊದಲನೆಯದು ಸಲೀಸು.
ಡಬ್ಬಿಗೆ ಡಬ್ಬಿ, ನಡುವೆ ಒಂದು ಬಾಣ.
ಬಂಡಲ್ ಹೊರಬಿದ್ದರೆ ಮೆಸೇಜು ಹೋಗಲಿ,
ಬಂಡಲ್ ತಿರುಗಿ ಬಂದರೆ ಕೂಲಿ ಏರಲಿ,
ಎರಡು ದಿನ ಬರದಿದ್ದರೆ ಬಾಕಿ ಎನ್ನಲಿ, ತಾಸಿಗೊಮ್ಮೆ.
ಒಂದಕ್ಷರ ಬರೆಯುವ ಕೆಲಸವಿಲ್ಲ.
ಮಂಗಳವಾರ ಕರೆಂಟು ಹೋಗಿ ಬರುವಷ್ಟರಲ್ಲಿ
ಕಟ್ಟಿ ಮುಗಿಸಿದ್ದೆ.
ಸಂಜೆ, ನಲವತ್ತು ಮನೆಗಳಲ್ಲಿ
ದಾರ ಕತ್ತರಿಸುತ್ತಿದ್ದ ಹೆಂಗಸರ ನಲವತ್ತು ಫೋನುಗಳು
ಒಟ್ಟಿಗೇ ಗುಂಯ್ ಎಂದವಂತೆ.
ಆ ರಾತ್ರಿ ನನಗೆ ನಿದ್ದೆಯೇ ಇಲ್ಲ, ಖುಷಿಗೆ.

ಶುಕ್ರವಾರ ಸುಂಕಲಮ್ಮ ಬಂದಳು.
ಮೆಟ್ಟಿಲೇರಿದ ಏದುಸಿರಿನಲ್ಲೇ ಫೋನನ್ನು
ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು
ನನ್ನ ಮೇಜಿನ ಮೇಲಿಟ್ಟಳು.
"ಇಪ್ಪತ್ತು ಪೀಸು ಬಾಕಿ. ಇಪ್ಪತ್ತು ಪೀಸು ಬಾಕಿ.
ಹನ್ನೊಂದು ಸಾರಿ ಬಂದೈತಿ ತಾಯಿ.
ನನಗ ಓದಾಕ ಬರಂಗಿಲ್ಲ. ಮೊಮ್ಮಗ ಓದಿದ,
ಕಟ್ಟಿ ಮ್ಯಾಲೆ ಕುಂತು, ಜೋರಾಗಿ.
ಓಣಿಗೆಲ್ಲ ನಾನು ಕಳ್ಳಿ ಆದೆ."

ಆ ಇಪ್ಪತ್ತು ಪೀಸು ಕದ್ದದ್ದಲ್ಲ.
ಮೊಣಕಾಲಿನ ಬಳಿ ಬಣ್ಣ ಮಚ್ಚೆಯಾಗಿ ಇಳಿದದ್ದು ಕಂಡು
ತಾನೇ ಹೊತ್ತು ದಾದಾಪೀರನ ವಾಷಿಂಗಿಗೆ ಮುಟ್ಟಿಸಿದ್ದಳು.
ಆಟೋ ದುಡ್ಡೂ ತನ್ನದೇ.
ಹಳೆಯ ಪುಸ್ತಕವಾಗಿದ್ದರೆ ಅವಳ ಹೆಸರಿನ ಪಕ್ಕ
ಪೆನ್ಸಿಲ್ಲಿನಲ್ಲಿ ಗೀಚಿರುತ್ತಿದ್ದೆ:
ವಾಷಿಂಗಿಗೆ ಹೋಗ್ಯಾವ, ಇವಳದು ತಪ್ಪಿಲ್ಲ.
ಡಬ್ಬಿಗೂ ಬಾಣಕ್ಕೂ ಯಾರೂ ಅಂಚು ಬಿಟ್ಟಿರಲಿಲ್ಲ.
ಅಂಚೇ ಇಲ್ಲದ ಬಟ್ಟೆಗೆ ಎಲ್ಲಿ ಹಾಕುವುದು ಹೊಲಿಗೆ?

ಎರಡನೆಯದು ಬಿಗುಮಾನದ್ದು.
ಕೋಷ್ಟಕ ಕೇಳಿತು, ಪರದೆ ಕೇಳಿತು,
ಕಡೆಗೆ ಒಂದು ಸಣ್ಣ ಕಿಂಡಿ ತೆರೆದು
ಇಲ್ಲಿ ನೀನೇ ಬರೆ ಎಂದಿತು.
ಇಫ್, ಅಂತ ಶುರುಮಾಡಬೇಕಂತೆ.
ಬಾಯಲ್ಲೇ ಕನ್ನಡ ಮಾಡಿ ನೋಡಿದೆ: ಆದರೆ.
ಹೀಗೇನಾದರೂ ಆದರೆ.
ಆದರೆ, ತಡಿ, ಇನ್ನೊಂದು ಮಾತೈತಿ.
ಒಂದೇ ಪದ, ಎರಡು ಜೇಬು.
ಬಾಣದ ಡಬ್ಬಿಗೆ ಮೊದಲನೇ ಜೇಬಷ್ಟೇ ಗೊತ್ತಿತ್ತು.

ಆರು ಸಾಲಿಗೆ ಮೂರು ರಾತ್ರಿ.
ಒಂದು ಕಂಸ ಮುಚ್ಚಲು ಮರೆತದ್ದಕ್ಕೆ
ಪರದೆಯೆಲ್ಲ ಕೆಂಪು.
ಮೊದಲ ಸಲ ಝಿಪ್ ಕೂರಿಸುವಾಗ ಕೆಡಿಸಿದ ಐದು ಪ್ಯಾಂಟು
ನೆನಪಾದವು; ಆಗಲೂ ಇಷ್ಟು ಬೆವತಿರಲಿಲ್ಲ.

"ಚಲೋ ಐತಿ," ಅಂದ ಎರ್ರಿಸ್ವಾಮಣ್ಣ, ಕೈ ಒರೆಸಿಕೊಳ್ಳುತ್ತ.
"ನಾಳೆ ನೀ ಲಗ್ನಾಗಿ ಗುಂತಕಲ್ಲಿಗೆ ಹೋದಿ ಅಂದ್ರ
ಈ ಗಂಟು ಬಿಚ್ಚೋರು ಯಾರು?
ಡಬ್ಬಿ ಆಗಿದ್ರ ನಾನೂ ಎಳೀತಿದ್ದೆ."
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಈಗಲೂ ಇಲ್ಲ.
ಬಟ್ಟೆ, ಗುಂಡಿ, ಝಿಪ್ಪಿನ ಸ್ಟಾಕು ಡಬ್ಬಿಗಳಿಗೇ ಇರಲಿ,
ಮನುಷ್ಯರ ಹೆಸರಿರುವ ಸಾಲು ಮಾತ್ರ ಕಿಂಡಿಯೊಳಗೆ, ಎಂದೆ.
ಆರು ಸಾಲನ್ನೂ ಹಾಳೆಗೆ ಇಳಿಸಿ,
ಪಕ್ಕದಲ್ಲಿ ಯಾಕೆ ಅಂತ ಕನ್ನಡದಲ್ಲಿ ಬರೆದು
ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದೆ.

ಮರುದಿನ ಸುಂಕಲಮ್ಮ: "ಈ ಸಾರಿ ಏನ್ ಬರದಿ?"
ಓದಿ ಹೇಳಿದೆ. ಅನುಮಾನ ಬಂದರೆ ಮೆಸೇಜು ಬೇಡ,
ಮೊದಲು ನನ್ನ ಫೋನು ಬಡಿಯಲಿ,
ನಾನೇ ನಿನಗೆ ಹಚ್ಚಿ ಕೇಳುತ್ತೇನೆ.
ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು.
ತಲೆಯಾಡಿಸಿದಳು.
ಆಮೇಲೆ ಬಂಡಲ್ ಬಿಚ್ಚಿ, ನೆಲಕ್ಕೆ ಕೂತು,
ಇಪ್ಪತ್ತೂ ಪೀಸನ್ನು ತಾನೇ ಎಣಿಸಿದಳು,
ಎರಡು ಸಲ,
ನನಗೆ ಕೇಳುವ ಹಾಗೆ.